ಹುಡುಗಿಯ ಹೇಳಿಕೆ, ಪಕ್ಕದ ಮನೆಯವರ ಮಾತು

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಬೆಡ್‌ಫರ್ಡ್ ಹಿಲ್ಸ್ ಅನ್ನುವ ಊರಿದೆ. 1901ರಲ್ಲಿ ಅಲ್ಲಿ ಹೆಂಗಸರಿಗಾಗಿ ಒಂದು ಸುಧಾರಣಾ ಗೃಹ ಶುರುವಾಯಿತು. ಹೆಸರಿಗೆ ಸುಧಾರಣಾ ಗೃಹ, ಒಳಗಿದ್ದವರು ಕೈದಿಗಳೇ. 16ರಿಂದ 30 ವರ್ಷದೊಳಗಿನವರು. ಬಹಳಷ್ಟು ಜನರ ಮೇಲಿದ್ದದ್ದು ಸಣ್ಣ ಆರೋಪಗಳು. ಅಂಗಡಿಯಲ್ಲಿ ಏನೋ ಎತ್ತಿಕೊಂಡದ್ದು, ಬೀದಿಯಲ್ಲಿ ರಾತ್ರಿ ಹೊತ್ತು ಓಡಾಡಿದ್ದು, ವೇಶ್ಯಾವೃತ್ತಿ, ಅಪ್ಪ ಅಮ್ಮನ ಮಾತು ಕೇಳದೆ ಇದ್ದದ್ದು. ಗಂಡಸಾದರೆ ದಂಡ ಕಟ್ಟಿ ಅಥವಾ ಕೆಲವು ದಿನ ಜೈಲಿನಲ್ಲಿದ್ದು ಹೊರಗೆ ಬರುವಂಥ ತಪ್ಪಿಗೆ ಹೆಂಗಸನ್ನು ಮೂರು ವರ್ಷದವರೆಗೂ ಇಟ್ಟುಕೊಳ್ಳಬಹುದಿತ್ತು. ಎಷ್ಟು ದಿನ ಅಂತ ಮೊದಲೇ ಹೇಳುವ ಹಾಗಿರಲಿಲ್ಲ. ಸುಧಾರಿಸಿದಳು ಅಂತ ಮೇಲಿನವರಿಗೆ ಅನ್ನಿಸಬೇಕು, ಆಗ ಬಿಡುಗಡೆ.

ಒಳಗೆ ಬಂದ ಪ್ರತಿಯೊಬ್ಬಳಿಗೂ ಒಂದು ಫೈಲು. ಅದರಲ್ಲಿ ಎರಡು ಭಾಗಗಳು ನನ್ನನ್ನು ತುಂಬಾ ಕಾಡಿವೆ. ಒಂದರ ತಲೆಬರಹ ‘ಹುಡುಗಿಯ ಹೇಳಿಕೆ’. ಇನ್ನೊಂದರದ್ದು ‘ಪರಿಶೀಲಿಸಿದ ಚರಿತ್ರೆ’. ಮೊದಲನೆಯದರಲ್ಲಿ ಅವಳು ತನ್ನ ಬಗ್ಗೆ ತಾನೇ ಹೇಳಿದ್ದು. ಎಲ್ಲಿ ಹುಟ್ಟಿದೆ, ಯಾವ ವಯಸ್ಸಿಗೆ ಶಾಲೆ ಬಿಟ್ಟೆ, ಯಾರ ಮನೆಯಲ್ಲಿ ಕೆಲಸಕ್ಕಿದ್ದೆ, ಎಷ್ಟು ಸಂಬಳ, ಅವತ್ತು ಏನಾಯಿತು. ಎರಡನೆಯದರಲ್ಲಿ ಅಧಿಕಾರಿಗಳು ಹೊರಗೆ ಹೋಗಿ ಕಲೆಹಾಕಿದ್ದು. ಅವಳ ಅಮ್ಮನನ್ನು ಕೇಳಿದ್ದು, ಹಿಂದಿನ ಯಜಮಾನರನ್ನು ಕೇಳಿದ್ದು, ಪಕ್ಕದ ಮನೆಯವರನ್ನು ಕೇಳಿದ್ದು. ಇದಕ್ಕೆ ‘ಪರಿಶೀಲಿಸಿದ’ ಅನ್ನುವ ಗೌರವ. ಅವಳದ್ದು ಬರೀ ಹೇಳಿಕೆ.

ಅಂದರೆ ತನ್ನ ಬದುಕಿನ ಬಗ್ಗೆ ಅವಳು ಹೇಳಿದ ಮಾತಿಗಿಂತ ಪಕ್ಕದ ಮನೆಯವರ ಮಾತಿಗೆ ಜಾಸ್ತಿ ತೂಕ. ನಮ್ಮ ಕಡೆ ಹೆಣ್ಣು ನೋಡುವ ಮುಂಚೆ ಆ ಮನೆತನದ ಬಗ್ಗೆ ಊರಲ್ಲಿ ಗುಟ್ಟಾಗಿ ವಿಚಾರಿಸುತ್ತಾರಲ್ಲ, ಹೆಚ್ಚು ಕಡಿಮೆ ಹಾಗೇ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ನಾವೂ ಹೇಳುತ್ತೇವೆ. ಆದರೆ ಸಂಬಂಧ ವಿಚಾರಿಸುವವರ ಮಾತು ಬೇರೆ ಮನೆಯ ಜಗಲಿಯಲ್ಲಿ ಮುಗಿಯುತ್ತದೆ. ಇಲ್ಲಿ ಅದನ್ನು ಟೈಪ್ ಮಾಡಿ, ನಂಬರ್ ಹಾಕಿ, ಕಪಾಟಿನಲ್ಲಿಟ್ಟರು. ಅವಳ ಬಿಡುಗಡೆ ಆ ಹಾಳೆಯನ್ನು ನೋಡಿ ನಿರ್ಧಾರವಾಗುತ್ತಿತ್ತು. ತಿದ್ದುವ ಅವಕಾಶ ಅವಳಿಗಿರಲಿಲ್ಲ.

ಈ ಫೈಲುಗಳ ಹಿಂದಿದ್ದ ಯೋಚನೆಗೆ ಯೂಜೆನಿಕ್ಸ್ ಅಂತ ಹೆಸರು. ಯೂಜೆನಿಕ್ಸ್ ಅಂದ ಕೂಡಲೇ ನಮಗೆ ಹಿಟ್ಲರ್ ನೆನಪಾಗುತ್ತಾನೆ, ಬಲವಂತದ ಸಂತಾನಹರಣ ಆಪರೇಷನ್ ನೆನಪಾಗುತ್ತದೆ. ಒಳ್ಳೆಯ ತಳಿಯ ಜನ ಹೆಚ್ಚಬೇಕು, ಕೆಟ್ಟ ತಳಿ ಮುಂದುವರಿಯಬಾರದು ಅನ್ನುವ ಆ ಯೋಚನೆ ಕೊನೆಗೆ ಅಲ್ಲಿಗೇ ಹೋಗಿ ನಿಂತಿತು, ನಿಜ. ಆದರೆ ಚಾಕು ಬರುವುದಕ್ಕೆ ಮುಂಚೆ ಫಾರಂ ಬಂತು. ಆ ಫಾರಂ ತುಂಬಿದವರು ರಾಕ್ಷಸರಲ್ಲ. ಹೆಚ್ಚಿನವರು ಓದಿಕೊಂಡ ಹೆಂಗಸರು. ಬಡ ಹೆಣ್ಣುಮಕ್ಕಳಿಗೆ ಒಳ್ಳೆಯದು ಮಾಡುತ್ತಿದ್ದೇವೆ ಅಂತ ಮನಸಾರೆ ನಂಬಿದ್ದವರು.

ಇದರ ಬೇರು 1874ರ ಬೇಸಿಗೆಯಲ್ಲಿದೆ. ರಿಚರ್ಡ್ ಡಗ್‌ಡೇಲ್ ಅನ್ನುವವರು ನ್ಯೂಯಾರ್ಕಿನ ಜೈಲು ಸಂಘದ ಪರವಾಗಿ ಕೌಂಟಿ, ಅಂದರೆ ಜಿಲ್ಲಾ ಜೈಲುಗಳನ್ನು ನೋಡಿಕೊಂಡು ಬರಲು ಹೊರಟಿದ್ದರು. ಅಲ್ಸ್ಟರ್ ಕೌಂಟಿಯ ಜೈಲಿನಲ್ಲಿ ಆರು ಜನ ಸಿಕ್ಕಿದರು. ನಾಲ್ಕು ಬೇರೆ ಬೇರೆ ಮನೆತನದ ಹೆಸರು, ಆದರೆ ಎಲ್ಲರೂ ನೆಂಟರು. ಡಗ್‌ಡೇಲ್ ಅವರಿಗೆ ಕುತೂಹಲ ಹುಟ್ಟಿತು. ಜೈಲಿನ ರಿಜಿಸ್ಟರ್, ಬಡವರ ಆಶ್ರಯಮನೆಯ ಲೆಕ್ಕ, ಕೋರ್ಟಿನ ಕಾಗದ, ಊರಿನ ಹಿರಿಯರ ನೆನಪು ಎಲ್ಲ ಸೇರಿಸಿ 709 ಜನರ ಒಂದು ವಂಶವೃಕ್ಷ ಬರೆದರು. ನಿಜವಾದ ಹೆಸರು ಮುಚ್ಚಿಟ್ಟು ‘ಜೂಕ್’ ಅಂತ ಹೆಸರಿಟ್ಟರು. 1877ರಲ್ಲಿ ಪುಸ್ತಕ ಬಂತು. ಈ ಕುಟುಂಬದಿಂದ ಸರ್ಕಾರಕ್ಕೆ 75 ವರ್ಷದಲ್ಲಿ 13 ಲಕ್ಷ ಡಾಲರಿಗೂ ಹೆಚ್ಚು ಖರ್ಚಾಗಿದೆ ಅನ್ನುವ ಅವರ ಲೆಕ್ಕ ದೇಶವೆಲ್ಲ ಓಡಾಡಿತು.

ಆ ವೃಕ್ಷದ ಬುಡದಲ್ಲಿ ಇದ್ದವರು ಅಕ್ಕತಂಗಿಯರು. ಏಡಾ, ಬೆಲ್, ಕ್ಲಾರಾ, ಡೀಲಿಯಾ, ಎಫಿ. ಎ, ಬಿ, ಸಿ, ಡಿ, ಇ ಅಂತ ಕ್ರಮವಾಗಿ ಕೊಟ್ಟ ಹೆಸರುಗಳು. ಏಡಾಗೆ ಜನ ‘ಅಪರಾಧಿಗಳ ತಾಯಿ ಮಾರ್ಗರೆಟ್’ ಅಂತ ಇನ್ನೊಂದು ಹೆಸರು ಕಟ್ಟಿದರು. ಗಂಡಸರ ವಿಷಯದಲ್ಲಿ ಕಳ್ಳತನ, ಹೊಡೆದಾಟ ಎಣಿಸಿದರೆ ಹೆಂಗಸರ ವಿಷಯದಲ್ಲಿ ಎಣಿಸಿದ್ದು ಮುಖ್ಯವಾಗಿ ಯಾರ ಜೊತೆ ಮಲಗಿದಳು, ಮದುವೆಗೆ ಮುಂಚೆ ಮಗು ಹುಟ್ಟಿತೇ ಅನ್ನುವುದನ್ನು.

ಡಗ್‌ಡೇಲ್ ಅವರಿಗೆ ನ್ಯಾಯ ಸಲ್ಲಬೇಕು. ಇದೆಲ್ಲ ರಕ್ತದ ದೋಷ ಅಂತ ಅವರು ಹೇಳಲಿಲ್ಲ. ಪರಿಸರ ಬದಲಾದರೆ ಜನ ಬದಲಾಗುತ್ತಾರೆ, ಮಕ್ಕಳಿಗೆ ಒಳ್ಳೆಯ ಮನೆ, ಆರೋಗ್ಯ, ಕಲಿಕೆ ಕೊಡಿ ಅಂತಲೇ ಬರೆದರು. ಇದು ಒಂದೇ ಕುಟುಂಬ ಅಲ್ಲ, ಹಲವು ಮನೆತನಗಳನ್ನು ಒಟ್ಟು ಸೇರಿಸಿದ್ದು ಅಂತಲೂ ಹೇಳಿಕೊಂಡಿದ್ದರು. ಆದರೆ ಓದಿದವರು ತೆಗೆದುಕೊಂಡದ್ದು ಚಿತ್ರವನ್ನು, ವಿವರಣೆಯನ್ನಲ್ಲ. 1878ರಲ್ಲಿ ಸಮಾಜ ಸುಧಾರಕಿ ಜೋಸೆಫೀನ್ ಶಾ ಲೋವೆಲ್ ಅವರ ಒತ್ತಾಯದಿಂದ ನ್ಯೂಯಾರ್ಕಿನ ನೆವಾರ್ಕ್ ಊರಿನಲ್ಲಿ ‘ಬುದ್ಧಿ ಕಡಿಮೆ’ ಅನ್ನಿಸಿಕೊಂಡ ಹೆಂಗಸರಿಗೆ ಒಂದು ಸಂಸ್ಥೆ ತೆರೆಯಿತು. ಮಗು ಹೆರುವ ವಯಸ್ಸು ದಾಟುವವರೆಗೂ ಅವರನ್ನು ಅಲ್ಲೇ ಇಡುವುದು ಉದ್ದೇಶ. ಏನೂ ತಪ್ಪು ಮಾಡಬೇಕಾಗಿರಲಿಲ್ಲ. ಹೆರುವ ವಯಸ್ಸೇ ಸಾಕಾಗಿತ್ತು.

ಇನ್ನು ಬೆಡ್‌ಫರ್ಡ್‌ಗೆ ವಾಪಸ್ ಬರೋಣ. ಅಲ್ಲಿನ ಮೊದಲ ಮುಖ್ಯಸ್ಥೆ ಕ್ಯಾಥರೀನ್ ಬೆಮೆಂಟ್ ಡೇವಿಸ್. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಆ ಕಾಲಕ್ಕೆ ಎಷ್ಟು ಹೆಂಗಸರಿಗೆ ಅದು ಸಾಧ್ಯವಿತ್ತು? ಕೈದಿಗಳನ್ನು ಕಂಬಿ ಹಿಂದೆ ಕೂಡಿಹಾಕುವ ಬದಲು ಸಣ್ಣ ಸಣ್ಣ ಕಾಟೇಜುಗಳಲ್ಲಿ ಇಟ್ಟರು. ಬಯಲಲ್ಲಿ ಕೆಲಸ, ಪಾಠ, ಸಂಗೀತ. 1914ರಲ್ಲಿ ನ್ಯೂಯಾರ್ಕ್ ನಗರದ ಜೈಲು ಇಲಾಖೆಯ ಕಮಿಷನರ್ ಆದರು. ಆ ಮಟ್ಟದ ಹುದ್ದೆಗೆ ನಗರದಲ್ಲಿ ಏರಿದ ಮೊದಲ ಹೆಂಗಸು. ಅವರ ಬಗ್ಗೆ ಓದುವಾಗ ಮೆಚ್ಚುಗೆ ಬರುತ್ತದೆ. ಅದಕ್ಕೇ ಮುಂದಿನದ್ದು ಓದುವಾಗ ನೋವೂ ಜಾಸ್ತಿ.

ಕೆಲವು ಹುಡುಗಿಯರು ಬಿಡುಗಡೆಯಾಗಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರು. ಯಾಕೆ ಅಂತ ತಿಳಿಯಬೇಕು ಅನ್ನುವುದು ಡೇವಿಸ್ ಅವರ ಹಂಬಲ. ಎಣ್ಣೆ ಉದ್ಯಮದ ಭಾರೀ ಶ್ರೀಮಂತ ಮನೆತನದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಹಣ ಕೊಟ್ಟರು, ಜೈಲಿನ ಪಕ್ಕದಲ್ಲೇ ಜಮೀನು ಕೊಂಡರು. 1912ರಲ್ಲಿ ಸಾಮಾಜಿಕ ನೈರ್ಮಲ್ಯದ ಪ್ರಯೋಗಾಲಯ ಶುರುವಾಯಿತು. ಬಂದ ಹುಡುಗಿಗೆ ಬುದ್ಧಿ ಪರೀಕ್ಷೆ, ರಕ್ತ ಪರೀಕ್ಷೆ, ಮನೆತನದ ವಿಚಾರಣೆ. ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನುವುದನ್ನು ನ್ಯಾಯಾಧೀಶರಲ್ಲ, ತಜ್ಞರ ಮಂಡಳಿ ತೀರ್ಮಾನಿಸಬೇಕು ಅನ್ನುವುದು ಡೇವಿಸ್ ಅವರ ಯೋಜನೆ. ಬುದ್ಧಿ ಕಡಿಮೆ ಅಂತ ಗೊತ್ತಾದವಳನ್ನು ಹೊರಗೆ ಬಿಡುವ ಪ್ರಶ್ನೆಯೇ ಇಲ್ಲ. ಒಂದು ಜೊತೆ ಕಾಲುಚೀಲ ಕದ್ದವಳು ಪರೀಕ್ಷೆಯಲ್ಲಿ ಅಂಕ ಕಡಿಮೆ ತೆಗೆದರೆ ಬದುಕಿಡೀ ಒಳಗಿರಬೇಕಾಗಬಹುದು.

ಮನೆತನದ ವಿಚಾರಣೆಗೆ ಲಾಂಗ್ ಐಲ್ಯಾಂಡಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಆಗಲೇ ದೊಡ್ಡ ಕಚೇರಿ ಇತ್ತು. ಜೀವವಿಜ್ಞಾನಿ ಚಾರ್ಲ್ಸ್ ಡ್ಯಾವೆನ್‌ಪೋರ್ಟ್ 1910ರಲ್ಲಿ ಸ್ಥಾಪಿಸಿದ ಯೂಜೆನಿಕ್ಸ್ ರೆಕಾರ್ಡ್ ಆಫೀಸ್. ಮೇಲ್ವಿಚಾರಣೆ ಹ್ಯಾರಿ ಲಾಫ್ಲಿನ್ ಅವರದ್ದು. ಬೇಸಿಗೆಯಲ್ಲಿ ಅಲ್ಲಿ ತರಬೇತಿ. ಕಾಲೇಜು ಮುಗಿಸಿದ ಹುಡುಗಿಯರೇ ಹೆಚ್ಚು. ಅಲ್ಲಿಂದ ಅವರು ಜೈಲು, ಹುಚ್ಚಾಸ್ಪತ್ರೆ, ಅನಾಥಾಲಯಗಳಿಗೆ ಫೀಲ್ಡ್ ವರ್ಕರ್ ಆಗಿ ಹೋಗುತ್ತಿದ್ದರು. ಬೆಡ್‌ಫರ್ಡ್‌ಗೂ ಬಂದರು. ಕೈದಿಯ ತವರಿಗೆ, ಅಜ್ಜಿಯ ಊರಿಗೆ ಹೋಗಿ, ಕೂತು, ನಗುನಗುತ್ತಾ ಮಾತಾಡಿಸಿ, ಸತ್ತವರ ಬಗ್ಗೆ ಕೂಡ ಕೇಳಿಕೊಂಡು ಬರುವುದು ಅವರ ಕೆಲಸ.

ಬಂದ ಮೇಲೆ ಚಾರ್ಟ್ ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಒಳಗೆ ಒಂದೊಂದು ಅಕ್ಷರ. ಎ ಅಂದರೆ ಕುಡುಕ. ಇ ಅಂದರೆ ಮೂರ್ಛೆ ರೋಗ. ಎಫ್ ಅಂದರೆ ಬುದ್ಧಿ ಕಡಿಮೆ. ಐ ಅಂದರೆ ಹುಚ್ಚು. ಎಸ್‌ಎಕ್ಸ್ ಅಂದರೆ ನಡತೆ ಕೆಟ್ಟವಳು. ಎನ್ ಅಂದರೆ ಸರಿಯಿರುವವರು. ಕ್ಷಯ ಬಂದು ಸತ್ತವನೂ, ಕೆಲಸ ಹುಡುಕಿಕೊಂಡು ಊರೂರು ಅಲೆದವನೂ ಈ ಅಕ್ಷರಗಳಲ್ಲಿ ಎಲ್ಲೋ ಸೇರಿಬಿಡುತ್ತಿದ್ದರು. ಗುಣಗಳಿಗೆ ನಂಬರ್ ಕೊಡಲು ಬೇರೆ ಒಂದು ಪುಸ್ತಕವೇ ಇತ್ತು. ಅದರಲ್ಲಿ ಚದುರಂಗ ಆಡುವ ಜಾಣ್ಮೆಗೂ ಒಂದು ನಂಬರ್, 4598. ನೌಕಾಪಡೆಯ ಅಧಿಕಾರಿಗಳ ಮನೆತನ ನೋಡಿ ಸಮುದ್ರದ ಮೇಲಿನ ಪ್ರೀತಿ ಕೂಡ ರಕ್ತದಲ್ಲಿ ಬರುತ್ತದೆ ಅಂತ ಡ್ಯಾವೆನ್‌ಪೋರ್ಟ್ 1919ರಲ್ಲಿ ಬರೆದರು. ಅಪ್ಪ ಹಡಗಿನಲ್ಲಿದ್ದರೆ ಮಗ ಬಂದರಿನಲ್ಲಿ ಆಡಿ ಬೆಳೆಯುತ್ತಾನೆ ಅನ್ನುವ ಸಾದಾ ವಿಷಯ ಅಷ್ಟು ಓದಿದವರಿಗೆ ಹೊಳೆಯಲಿಲ್ಲ. ಅಪ್ಪನಿಗೆ ಕೂಲಿ ಇಲ್ಲದಿದ್ದರೆ ಮಗಳು 12ಕ್ಕೇ ಮನೆಗೆಲಸಕ್ಕೆ ಸೇರುತ್ತಾಳೆ ಅನ್ನುವುದೂ ಹೊಳೆಯಲಿಲ್ಲ.

ಆ ವೃತ್ತದೊಳಗಿನ ಎಸ್‌ಎಕ್ಸ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಅದನ್ನು ಪರೀಕ್ಷಿಸಲು ಯಾವ ಉಪಕರಣವೂ ಇಲ್ಲ. ಯಾರೋ ಒಬ್ಬರು ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಮದುವೆಯಾಗದೆ ಹೆತ್ತವಳು, ಗಂಡನನ್ನು ಬಿಟ್ಟುಬಂದವಳು, ಬಲಾತ್ಕಾರಕ್ಕೆ ಸಿಕ್ಕವಳು, ಹೊಟ್ಟೆಪಾಡಿಗೆ ಮೈ ಮಾರಿದವಳು, ಎಲ್ಲರಿಗೂ ಅದೇ ಎರಡು ಅಕ್ಷರ. ಒಮ್ಮೆ ಚಾರ್ಟ್ ಮೇಲೆ ಬಿದ್ದರೆ ಅವಳ ಮಗಳ ಫೈಲಿನಲ್ಲಿ ಅದು ‘ವಂಶದಲ್ಲೇ ಇದೆ’ ಅನ್ನುವುದಕ್ಕೆ ಸಾಕ್ಷಿ. ಮಗಳು ದಾರಿ ತಪ್ಪುತ್ತಿದ್ದಾಳೆ, ಸ್ವಲ್ಪ ಬುದ್ಧಿ ಹೇಳಿ ಕಳಿಸಿ ಅಂತ ಕೋರ್ಟಿಗೆ ಹೋದ ಅಮ್ಮಂದಿರು ಎಷ್ಟೋ ಜನ. ಆ ದೂರಿನಿಂದ ತಮ್ಮ ಮನೆಯೂ, ತಮ್ಮ ಗತಿಸಿದ ತಾಯಿಯೂ ವಿಚಾರಣೆಗೆ ಬರುತ್ತಾರೆ ಅಂತ ಆ ಅಮ್ಮಂದಿರಿಗೆ ಯಾರು ಹೇಳಿದ್ದರು?

ಬೆಡ್‌ಫರ್ಡಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಮೇಬಲ್ ಫರ್ನಾಲ್ಡ್ ಮತ್ತು ಜೊತೆಯವರು 1920ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ದಪ್ಪ ಪುಸ್ತಕ, ಪುಟಗಟ್ಟಲೆ ಕೋಷ್ಟಕ. ಅಪರಾಧಿ ಹೆಂಗಸು ಅಂತ ಒಂದು ಪ್ರತ್ಯೇಕ ಮಾದರಿ ಅವರಿಗೆ ಸಿಗಲಿಲ್ಲ. ಅವರ ಅಂಕಿಗಳಲ್ಲಿ ಎದ್ದು ಕಂಡದ್ದು ಕಡಿಮೆ ಓದು, ಕಡಿಮೆ ಸಂಬಳದ ಕೆಲಸ. ಫಾರಂ ತುಂಬಿಸಿದ ಸಂಸ್ಥೆಯದೇ ಲೆಕ್ಕ ಫಾರಂ ಹಿಂದಿನ ನಂಬಿಕೆಯನ್ನು ಕೈಬಿಟ್ಟಿತು. ಆದರೆ ಅದೇ 1920ರಲ್ಲೇ ನ್ಯೂಯಾರ್ಕ್ ರಾಜ್ಯ ಹೊಸ ಕಾನೂನು ತಂದು, ಬುದ್ಧಿ ಕಡಿಮೆಯಿರುವ ಅಪರಾಧಿ ಹೆಂಗಸರನ್ನು ಗಡುವೇ ಇಲ್ಲದೆ ಇಟ್ಟುಕೊಳ್ಳಲು ಬೆಡ್‌ಫರ್ಡಿನಲ್ಲೇ ವಿಭಾಗ ತೆರೆಯಿತು. 1931ರಲ್ಲಿ ಆ ವಿಭಾಗ ಅದೇ ರಾಜ್ಯದ ಆಲ್ಬಿಯನ್ ಊರಿಗೆ ಹೋಯಿತು. ಈ ಎರಡು ಸಂಗತಿ ಒಂದೇ ವರ್ಷದಲ್ಲಿ ಆದದ್ದು ನನಗೆ ಇಡೀ ಕಥೆಯಲ್ಲೇ ಅತ್ಯಂತ ಸಿಟ್ಟು ತರಿಸುವ ವಿಷಯ. ಲೆಕ್ಕ ತಪ್ಪಾಗಿತ್ತು ಅಂತ ಗೊತ್ತಾಗದೆ ನಡೆದ ಅನ್ಯಾಯ ಅಲ್ಲ ಇದು.

ಮೇಬಲ್ ಹ್ಯಾಂಪ್ಟನ್ ಅಂತ ಒಬ್ಬರಿದ್ದರು. ಕಪ್ಪು ಹೆಣ್ಣುಮಗಳು, ಹಾರ್ಲೆಮ್‌ನಲ್ಲಿ ಡ್ಯಾನ್ಸರ್. 1920ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಗೆಳತಿಯ ಜೊತೆ ಹೊರಗೆ ಹೋಗಲು ಕಾಯುತ್ತಿದ್ದರು. ಪೊಲೀಸರು ನುಗ್ಗಿ ವೇಶ್ಯಾವೃತ್ತಿ ಅಂತ ಹಿಡಿದರು. ಬೆಡ್‌ಫರ್ಡ್‌ಗೆ ಮೂರು ವರ್ಷ. ತೀರ್ಪು ಕೊಟ್ಟವರು ಜೀನ್ ನಾರಿಸ್, ನ್ಯೂಯಾರ್ಕ್ ನಗರದ ಮೊದಲ ಮಹಿಳಾ ಮ್ಯಾಜಿಸ್ಟ್ರೇಟ್. ಕೆಲವು ವರ್ಷಗಳ ನಂತರ, 1931ರಲ್ಲಿ, ಕೋರ್ಟುಗಳ ಭ್ರಷ್ಟಾಚಾರದ ಮೇಲೆ ದೊಡ್ಡ ತನಿಖೆ ನಡೆದಾಗ ಇದೇ ನಾರಿಸ್ ಅವರನ್ನು ಹುದ್ದೆಯಿಂದ ತೆಗೆದರು. ಅವರ ಮೇಲಿದ್ದ ಆರೋಪಗಳಲ್ಲಿ ಒಂದು, ವಿಚಾರಣೆಯ ದಾಖಲೆಯನ್ನೇ ತಿದ್ದಿದ್ದು.

ಹ್ಯಾಂಪ್ಟನ್ ದೀರ್ಘಕಾಲ ಬದುಕಿದರು, 1989ರವರೆಗೆ. ಸಲಿಂಗಿ ಹೆಂಗಸರ ಹಕ್ಕುಗಳಿಗಾಗಿ ನಿಂತರು. ಮುದುಕಿಯಾದ ಮೇಲೆ ಟೇಪ್ ರೆಕಾರ್ಡರ್ ಮುಂದೆ ಕೂತು ತಮ್ಮ ಕಥೆ ತಾವೇ ಹೇಳಿದರು. ಆ ಧ್ವನಿ ಇವತ್ತು ನ್ಯೂಯಾರ್ಕಿನಲ್ಲಿ ಸಲಿಂಗಿ ಹೆಂಗಸರೇ ಕಟ್ಟಿದ ಸಂಗ್ರಹಾಲಯದಲ್ಲಿದೆ. ಫೈಲಿನ ‘ಹುಡುಗಿಯ ಹೇಳಿಕೆ’ಯನ್ನು ಯಾರೂ ಮೇಲಿಂದ ಪರಿಶೀಲಿಸದೆ ಪೂರ್ತಿ ಹೇಳಲು ಅವಕಾಶ ಸಿಕ್ಕಿದ್ದು ಅವರಂಥ ಕೆಲವೇ ಕೆಲವರಿಗೆ.

ಉಳಿದವರ ಧ್ವನಿ ಎಲ್ಲಿದೆ ಅಂದರೆ, ವಿಚಿತ್ರವೆಂದರೆ, ಅದೇ ಫೈಲುಗಳಲ್ಲಿದೆ. ಒಳಗಿಂದ ಹೋಗುವ, ಹೊರಗಿಂದ ಬರುವ ಪ್ರತಿ ಕಾಗದವನ್ನೂ ಅಧಿಕಾರಿಗಳು ಓದುತ್ತಿದ್ದರು. ಸರಿ ಕಾಣದ್ದನ್ನು ತಲುಪಿಸುತ್ತಿರಲಿಲ್ಲ. ಹರಿದು ಹಾಕದೆ ಫೈಲಿಗೆ ಸೇರಿಸುತ್ತಿದ್ದರು. ಹಾಗಾಗಿ ನೂರು ವರ್ಷದ ಹಿಂದೆ ಅಮ್ಮನಿಗೆ, ಗೆಳತಿಗೆ, ಪ್ರಿಯಕರನಿಗೆ ಬರೆದು, ಅವರ ಕೈಗೆ ಸೇರದೇ ಹೋದ ಕಾಗದಗಳು ಆಲ್ಬನಿಯ ರಾಜ್ಯ ಪತ್ರಾಗಾರದಲ್ಲಿ ಉಳಿದಿವೆ. ಮಗಳನ್ನು ಬೇಗ ಕಳಿಸಿ, ಮನೆಯಲ್ಲಿ ದುಡಿಯುವವರಿಲ್ಲ ಅಂತ ಅಮ್ಮಂದಿರು ಸೂಪರಿಂಟೆಂಡೆಂಟರಿಗೆ ಬರೆದ ಕಾಗದಗಳೂ ಇವೆ. ಕಾಗುಣಿತ ತಪ್ಪಿದ, ಅಂಚಿನವರೆಗೂ ತುಂಬಿದ ಹಾಳೆಗಳು. ಆಚೆ ಹಾಳೆಯಲ್ಲಿ, ಬುದ್ಧಿ ಪರೀಕ್ಷೆಯ ಪ್ರಕಾರ ಇವಳ ಬುದ್ಧಿಯ ವಯಸ್ಸು ಇಷ್ಟು ಅಂತ ಒಂದು ಅಂಕಿ. ಈಚೆ ಹಾಳೆಯಲ್ಲಿ ಅವಳೇ, ಯಾರ ಸಾಲ ಎಷ್ಟು ಬಾಕಿ, ತಂಗಿಯ ಬೂಟು ಹರಿದಿದೆಯೇ, ತನ್ನನ್ನು ಹಿಡಿದ ಪೊಲೀಸಿನವನು ಹೇಗೆ ಸುಳ್ಳು ಹೇಳಿದ ಅನ್ನುವಂಥ ಮಾತುಗಳೊಂದಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಯಾರ ಬುದ್ಧಿಗೆ ಏನಾಗಿತ್ತು ಅಂತ ತಾನಾಗೇ ಗೊತ್ತಾಗುತ್ತದೆ.

ಡಗ್‌ಡೇಲ್ ಅವರ ಆ ಹಳೇ ಪಟ್ಟಿಗೆ ಮುಂದೆ ಏನಾಯಿತು? ನಿಜವಾದ ಹೆಸರುಗಳಿದ್ದ ಅವರ ಹಸ್ತಪ್ರತಿ 1911ರಲ್ಲಿ ಜೈಲು ಸಂಘದ ನೆಲಮಾಳಿಗೆಯಲ್ಲಿ ಸಿಕ್ಕಿತು. ಯೂಜೆನಿಕ್ಸ್ ರೆಕಾರ್ಡ್ ಆಫೀಸಿನ ಆರ್ಥರ್ ಎಸ್ಟಾಬ್ರೂಕ್ ಅದನ್ನು ಹಿಡಿದುಕೊಂಡು ಹೊರಟರು. ಆ ಮನೆತನದ ಮಕ್ಕಳು, ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ಹುಡುಕಿ 2,820 ಜನರ ಪಟ್ಟಿ ಮಾಡಿದರು. ಡಗ್‌ಡೇಲ್ ಪರಿಸರ ಅಂದಿದ್ದ ಕಡೆ ಇವರು ರಕ್ತ ಅಂದರು.

1924ರ ನವೆಂಬರ್‌ನಲ್ಲಿ ಅದೇ ಎಸ್ಟಾಬ್ರೂಕ್ ವರ್ಜೀನಿಯಾದ ಒಂದು ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಿದ್ದರು. ಮೊಕದ್ದಮೆ ಕ್ಯಾರಿ ಬಕ್ ಎಂಬ 18ರ ಹುಡುಗಿಯದ್ದು, ಅವಳಿಗೆ ಸಂತಾನಹರಣ ಆಪರೇಷನ್ ಮಾಡಬಹುದೇ ಅನ್ನುವುದು. ಅಮ್ಮ ಆಗಲೇ ಲಿಂಚ್‌ಬರ್ಗ್ ಹತ್ತಿರ, ಬುದ್ಧಿ ಕಡಿಮೆ ಅನ್ನಿಸಿಕೊಂಡವರನ್ನು ಇಡುವ ಸರ್ಕಾರಿ ಕಾಲನಿಯಲ್ಲಿದ್ದಳು. ಕ್ಯಾರಿ ಸಾಕುಮನೆಯಲ್ಲಿದ್ದಾಗ ಆ ಮನೆಯವರ ನೆಂಟನೇ ಬಲಾತ್ಕಾರ ಮಾಡಿ ಬಸುರಾದಳು. ಸಾಕಿದವರು ಅವಳನ್ನೂ ಅದೇ ಕಾಲನಿಗೆ ಸೇರಿಸಿದರು. ಲಾಫ್ಲಿನ್ ಅವಳನ್ನು ಕಣ್ಣಲ್ಲೂ ನೋಡದೆ, ಬಂದ ಕಾಗದಗಳನ್ನಷ್ಟೇ ಓದಿ, ಈ ಕುಟುಂಬ ನಾಲಾಯಕ್ಕು ಅಂತ ಲಿಖಿತ ಸಾಕ್ಷಿ ಕಳಿಸಿದರು. ಕೆಲವೇ ತಿಂಗಳ ಅವಳ ಮಗುವನ್ನು ನೋಡಿದ ಸಮಾಜಸೇವಕಿಯೊಬ್ಬರು, ಅದರ ನೋಟದಲ್ಲಿ ಏನೋ ಸರಿಯಿಲ್ಲ, ಏನು ಅಂತ ಹೇಳಲಾರೆ ಅಂದರು. ಏನು ಅಂತ ಹೇಳಲಾಗದ ಆ ಮಾತೂ ದಾಖಲೆಯಾಯಿತು. 1927ರ ಮೇ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರಂತೆ, ಆಪರೇಷನ್ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಮೂರು ತಲೆಮಾರಿನ ಮೂಢರು ಸಾಕು ಅಂತ ನ್ಯಾಯಮೂರ್ತಿ ಹೋಮ್ಸ್ ಬರೆದರು. ಅಕ್ಟೋಬರ್‌ನಲ್ಲಿ ಕ್ಯಾರಿಗೆ ಆಪರೇಷನ್ ಮಾಡಿದರು. ತಂಗಿಗೂ ಮಾಡಿದರು, ಅಪೆಂಡಿಕ್ಸ್ ಅಂತ ಸುಳ್ಳು ಹೇಳಿ. ಯಾಕೆ ಮಕ್ಕಳಾಗಲಿಲ್ಲ ಅಂತ ಆ ತಂಗಿಗೆ ತಿಳಿದದ್ದು ಮುಪ್ಪಿನಲ್ಲಿ. ಆ ‘ಮೂರನೇ ತಲೆಮಾರು’, ಕ್ಯಾರಿಯ ಮಗಳು, ಶಾಲೆಯಲ್ಲಿ ಚೆನ್ನಾಗಿ ಓದಿ ಗೌರವಪಟ್ಟಿಯಲ್ಲಿ ಹೆಸರು ಪಡೆದಳು. 1932ರಲ್ಲಿ, ಎಂಟು ವರ್ಷಕ್ಕೇ, ಕಾಯಿಲೆ ಬಂದು ತೀರಿಕೊಂಡಳು. ಅವಳ ಅಂಕಪಟ್ಟಿಯನ್ನು ಪಾಲ್ ಲೊಂಬಾರ್ಡೊ ಅನ್ನುವ ಸಂಶೋಧಕರು ಎಷ್ಟೋ ದಶಕದ ನಂತರ ಹುಡುಕಿ ತೆಗೆದರು.

ಅಲ್ಸ್ಟರ್ ಜೈಲಿನಿಂದ ಈ ಸಾಕ್ಷಿಕಟ್ಟೆಯವರೆಗೆ 50 ವರ್ಷ. ಮುಂದಿನ ದಶಕಗಳಲ್ಲಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಈ ಕಾನೂನುಗಳ ಹೆಸರಿನಲ್ಲಿ ಆಪರೇಷನ್ ಆಯಿತು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಕಚೇರಿ 1939ರ ಕೊನೆಗೆ ಬಾಗಿಲು ಹಾಕಿತು.

ಇದು ಮುಗಿದ ಕಾಲದ ಕಥೆ ಅಂದುಕೊಳ್ಳುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದ ಹೆಣ್ಣುಮಕ್ಕಳ ಜೈಲುಗಳಲ್ಲಿ ಎಂಟು ವರ್ಷದಲ್ಲಿ 144 ಕೈದಿಗಳಿಗೆ ಸಂತಾನಹರಣ ಆಪರೇಷನ್ ಆಗಿದೆ, ಅದರಲ್ಲಿ 39 ಜನರ ಒಪ್ಪಿಗೆಯನ್ನು ಸರಿಯಾಗಿ ಪಡೆದಿಲ್ಲ ಅಂತ ರಾಜ್ಯದ ಆಡಿಟರ್ ವರದಿ ಕೊಟ್ಟದ್ದು 2014ರಲ್ಲಿ. 2021ರಲ್ಲಿ ಪರಿಹಾರದ ಕಾನೂನು ಬಂತು, ಈ ಕೈದಿಗಳಿಗೂ, 1979ಕ್ಕೆ ಮುಂಚೆ ಸರ್ಕಾರಿ ಸಂಸ್ಥೆಗಳಲ್ಲಿ ಆಪರೇಷನ್‌ಗೆ ಒಳಗಾದವರಿಗೂ. ಹಣ ಸಿಗಬೇಕಾದರೆ ದಾಖಲೆ ಬೇಕು. ದಾಖಲೆ ಸಿಗದೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಹಳೆಯವರ ವಿಷಯದಲ್ಲಿ ಕೈಹಿಡಿದದ್ದು 19 ಮೈಕ್ರೋಫಿಲ್ಮ್ ಸುರುಳಿಗಳು. ಇತಿಹಾಸಕಾರ್ತಿ ಅಲೆಕ್ಸಾಂಡ್ರಾ ಮಿನ್ನಾ ಸ್ಟರ್ನ್ ಅವರಿಗೆ 2007ರಲ್ಲಿ ಸ್ಯಾಕ್ರಮೆಂಟೊದ ಸರ್ಕಾರಿ ಕಚೇರಿಯಲ್ಲಿ ಸಿಕ್ಕಿದವು. ಆಪರೇಷನ್ ಮಾಡಿ ಅಂತ ಶಿಫಾರಸು ಮಾಡಿದ ಅದೇ ಫಾರಂಗಳು, ಈಗ ಅನ್ಯಾಯ ಆಗಿದೆ ಅನ್ನುವುದಕ್ಕೆ ಪುರಾವೆ.

ನಮ್ಮ ಕಡೆಯೂ ಇಂಥ ರಿಜಿಸ್ಟರ್‌ಗಳಿದ್ದವು. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಡಗ್‌ಡೇಲ್‌ಗಿಂತಲೂ ಹಳೆಯದು. ಹುಟ್ಟಿದ ಜಾತಿಯೇ ಅಪರಾಧ. 1911ರ ಹೊಸ ಕಾಯ್ದೆ ಅದನ್ನು ದೇಶಕ್ಕೆಲ್ಲ ಹರಡಿತು. ಬೆರಳಚ್ಚು ತೆಗೆದು ಪಟ್ಟಿಗೆ ಸೇರಿಸುವುದು, ಹೊತ್ತು ಹೊತ್ತಿಗೆ ಹಾಜರಿ, ತಂದೆ ತಾಯಿಯಿಂದ ಮಕ್ಕಳನ್ನು ಬೇರೆ ಮಾಡುವ ಅಧಿಕಾರ, ಎಲ್ಲ ಅದರಲ್ಲಿದ್ದವು. ಬೊಂಬಾಯಿ ಪ್ರಾಂತ್ಯದ ಕಾಲದಲ್ಲಿ ತಂತಿಬೇಲಿ ಹಾಕಿ ಕುಟುಂಬಗಳನ್ನು ಇಟ್ಟಿದ್ದ ಜಾಗವನ್ನು ಹುಬ್ಬಳ್ಳಿಯಲ್ಲಿ ಜನ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಜೈಲಿನ ರಿಜಿಸ್ಟರ್‌ಗಳಲ್ಲಿ ಕೈದಿಯ ಜಾತಿ ಬರೆಯುವ ಕಾಲಂ ತೆಗೆಯಿರಿ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು. ಜೈಲು ಕೈಪಿಡಿಗಳನ್ನು ತಿದ್ದಲು ರಾಜ್ಯಗಳಿಗೆ ಮೂರು ತಿಂಗಳು ಕೊಟ್ಟಿತು.

ಕಾಲಂ ಹೋಗಲೇಬೇಕು. ಆದರೆ ಆ ಕಾಲಂ ಇದ್ದ ಹಳೇ ರಿಜಿಸ್ಟರ್‌ಗಳು ಹೋಗಬಾರದು. ಸೆಟ್ಲ್‌ಮೆಂಟಿನ ಹಾಜರಿ ಪುಸ್ತಕಗಳು, ಜೈಲುಗಳ ರೆಕಾರ್ಡ್ ರೂಮಿನಲ್ಲಿರುವ ಕಟ್ಟುಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿಂದ ರಾಜ್ಯ ಪತ್ರಾಗಾರಕ್ಕೆ ಬರಬೇಕು. ಗೆದ್ದಲಿಗೂ ರದ್ದಿ ಅಂಗಡಿಗೂ ಸಿಗಬಾರದು. ಮೊದಲು ಅವುಗಳನ್ನು ಓದುವ ಹಕ್ಕು ಆ ಪಟ್ಟಿಗಳಲ್ಲಿರುವವರ ಮಕ್ಕಳು ಮೊಮ್ಮಕ್ಕಳಿಗೆ ಇರಬೇಕು. ಓದಿ, ತಮ್ಮ ಅಜ್ಜಿಯ ಬಗ್ಗೆ ಬರೆದದ್ದು ಸುಳ್ಳಾಗಿದ್ದರೆ, ಅದೇ ಪುಟದ ಜೊತೆ ತಮ್ಮ ಹೇಳಿಕೆಯನ್ನೂ ಸಹಿ ಹಾಕಿ ಸೇರಿಸಲು ಅವರಿಗೆ ಬಿಡಬೇಕು.